ಬತ್ತಲವ್ವನ ಹಿತ್ತಾಳಿ ಮುಖ

ಅಲ್ಲರಿ ಅತ್ತೀ, ನಗಬ್ಯಾಡ್ರಿ. ನಗೂ ಮಾತಲ್ಲ ಇದು. ರೊಟ್ಟಿ ಬಡಿಯೂಣಂತ ಹಿಟ್ಟಿನ ಡಬ್ಬಿ ಮುಚ್ಚಳಾ ತಗದರ ಒಳಗಿಂದ ದೇವಿ ನನ್ನ ನೋಡಾಕತ್ತಾಳ! ಎರಡೂ ಕಣ್ಣ ಬಿಟಗೊಂಡು! ಮೂಗಿನಾಗ ನತ್ತು ಬ್ಯಾರೆ... ಜ್ವಾಳದ ಹಿಟ್ಟಿನಾಗ ಗದ್ದತನಾ ಹೂತಗೊಂಡು ಕುಂತಾಳ.

ಇದು ನಮ್ಮ ಅಡಗಿಮನಿಗಿ ಹ್ಯಾಂಗ ಬಂತು?

ಹೇಳ್ರಿ.

ಹೇಳಂಗಿಲ್ಲ. ಹ್ಞೂಂ. ಮುಂಜಾನಿ ನಾ ಕಾಲೇಜಿಗಿ ಹೊಂಟಾಗ 'ಹೋಗಿ ಬರ್ತೀನ್ರಿ ಅತ್ತೀ' ಅಂದೆ, ಬರೇ ಕೈ ಎತ್ತಿದ್ರಿ. ಹಲ್ಲು ನೋಯಾಕತ್ತಿರಬೇಕು ಅಂತ ತಿಳಕೊಂಡೆ. ಈಗ ಬಂದು ಚಪ್ಪಲಿ ಬಿಟ್ಟೆ, ಆಗೂ ಮಾತಿಲ್ಲ. 'ಬಸ್ಸು ತಡಾ ಆತೇನ ದೀಪಾಲಿ' ಅನ್ನೂದಿಲ್ಲ, 'ಕೈಕಾಲ ತೊಳಕೋ' ಅನ್ನೂದಿಲ್ಲ. ನಾ ಸೊಸಿ ಆಗಿ ಬಂದಾಗಿಂದ ನೀವು ಒಂದು ತಾಸು ಬಾಯಿ ಮುಚ್ಚಿದ್ದು ನೋಡಿಲ್ಲ ನಾ. ಇವತ್ತ ದಿನಾನ ಹೋತು. ಹಲ್ಲಲ್ಲ ಅದು. ಹಲ್ಲ ನೋಯತಿದ್ರ ಮತ್ತೂ ಹೆಚ್ಚ ಮಾತಾಡತಿದ್ರಿ.

ನಗಬ್ಯಾಡ್ರಿ ಅಂದೆ.

ಇಲ್ಲಿ ಕೇಳ್ರಿ. ಜತ್ತದ ಬಸ್ ಸ್ಟ್ಯಾಂಡಿನಾಗ ಧನಾಜಿ ನನ್ನ ತರುಬಿದ. ನಮ್ಮೂರ ತರುಣ ಮಂಡಳದ ಅಧ್ಯಕ್ಷರು! ಮೊಬೈಲ್ ದುಕಾನ ಬಾಗಲಾ ತೆಗದದ್ದು ತೆಗದಂಗ ಬಿಟ್ಟು ಓಡಿ ಬಂದಾನ. ಬಂದಾವನ, 'ಮ್ಯಾಡಂ, ಹಳ್ಳದ ದಂಡಿ ಬತ್ತಲವ್ವನ ಸೀರಿ ಯಾರೋ ಬಿಚ್ಚ್ಯಾರ' ಅಂದ. 'ಹಿತ್ತಾಳಿ ಮುಖಾನೂ ಇಲ್ಲ. ಅವ್ವ ಮೊದಲಿನಂಗ ಬರಿಮೈಲೆ ಕುಂತಾಳ.' ಅಂದು ನನ್ನ ಮಾರಿನ ನೋಡಕೋತ ನಿಂತ. 'ಕಳ್ಳರಿರಬೇಕು' ಅಂದೆ. 'ಕಳ್ಳರು ಸೀರಿ ಮಡಚಿ ಘಡಿ ಮಾಡಿ ಇಟ್ಟು ಹೋಗತಾರೇನ್ರಿ ಮ್ಯಾಡಂ? ಗಾಳಿಗಿ ಹಾರಬಾರದಂತ ಮ್ಯಾಲೊಂದು ಕಲ್ಲು ಇಟ್ಟಾರ' ಅಂದ.

ಕಲ್ಲು! ಇಷ್ಟ ನೀಟ ಕಳ್ಳರು ನಮ್ಮ ತಾಲೂಕಿನಾಗ ಯಾರದಾರ ಅಂತ ಇಡೀ ದಾರಿ ವಿಚಾರ ಮಾಡಕೋತ ಬಂದೀನಿ. ಬಂದು ನೋಡಿದ್ರ ನಮ್ಮ ಹಿಟ್ಟಿನ ಡಬ್ಬ್ಯಾಗ ಕಳವಿನ ಮಾಲು.

ಬೊಟ್ಟ ತೋರಸ್ರಿ. ಬಲಗೈ. ಸೆರಗಿನಾಗ ಮುಚ್ಚಕೋಬ್ಯಾಡ್ರಿ, ತಗೀರಿ ಹೊರಗ... ನೋಡ್ರಿ! ಹಚ್ಚಿದ್ದು ಅರಿಶಿಣ, ಒಳಗ ಸೀಳಿದ್ದು ಅವ್ವನ ಸೀರಿಗಿ ಬಿಗಿದ ತಂತಿ. ನಿಮ್ಮ ಮಗನ ಹಾರ್ಡ್‌ವೇರ್ ದುಕಾನದ, ತಂತಿ ತಿರುವೂ ಪಕ್ಕಡ ಅಲ್ಲಿ ಒಲಿ ಮಗ್ಗಲಕ ಯಾಕ ಬಿದ್ದದ? ಒಲಿಯೊಳಗಿನ ಕೆಂಡ ಹಿಡಿಯಾಕೇನು?

ನೀವು. ಗೌರವ್ವ! ಬಸಗೊಂಡ ಗೌಡರ ಹೆಂಡತಿ! ಊರ ದೇವಿ ಸೀರಿ ಬಿಚ್ಚಿ, ಮುಖಾ ಕಿತ್ತು, ಮನಿಗಿ ತಂದು ಹಿಟ್ಟಿನಾಗ ಹೂತು ಇಟ್ಟೀರಿ.

ತಲಿ ಅಲ್ಲಾಡಸ್ರಿ, ಹೌದೋ ಅಲ್ಲೋ. ಅಷ್ಟಕ್ಕ ಮಾತು ಬೇಕಾಗಿಲ್ಲ.

ಹೌದು. ಒಪ್ಪಿದ್ರಿ. ಅದೂ ಏನ ಧಿಮಾಕಿಲೆ ಒಪ್ಪಿದ್ರಿ!

ಆಣಿ ಮಾಡಿ ಹೇಳ್ತೀನಿ, ಬಿಚ್ಚಬಾರದಿತ್ತು ಅಂತ ನಾ ಅನ್ನಾಂವಲ್ಲ... ಅನ್ನಾಕಿ ಅಲ್ಲ. ನೋಡ್ರಿ, ನನ್ನ ನಾಲಿಗಿ ಸುದ್ದಾ ತಪ್ಪಾಕತ್ತದ. ಬಿಚ್ಚಬೇಕಂತ ಎಲ್ಲಾರಕಿಂತ ಮೊದಲ ಹೇಳಿದಾಕಿ ನಾನ. ಗ್ರಾಮಸಭಾದಾಗ ಎದ್ದ ನಿಂತ ಹೇಳಿದ್ದೆ. ಬತ್ತಲವ್ವನ ತಲಿ ಯಾರೂ ಮುರದಿಲ್ಲ, ಮಾಡಿದಾಂವ ತಲಿ ಮಾಡೇ ಇಲ್ಲ. ತಲಿ ಇರೂ ಜಾಗಾದಾಗ ಕಮಲ ಅದ. ಭಾಳ ಹಳೀ ಮೂರ್ತಿ, ಇಂಥಾವು ಈ ಸೀಮಿಯೊಳಗ ಅಲ್ಲೊಂದು ಇಲ್ಲೊಂದು ಅದಾವ, ಇದ್ದಂಗ ಇರಲಿ, ಸೀರಿ ಬಿಚ್ಚರಿ ಅಂದೆ. ಮುಗೀತು! ಒಬ್ಬ ಹೆಣ್ಣಮಗಳು ಸಭಾದಾಗ ನಿಂತು 'ಸೀರಿ ಬಿಚ್ಚರಿ' ಅಂದದ್ದಷ್ಟ ಎಲ್ಲಾರಿಗೂ ಕೇಳಿತು. ಕಮಲ ಯಾರಿಗೂ ಕೇಳಲಿಲ್ಲ.

ನೀವೂ ಅಲ್ಲೇ ಕುಂತಿದ್ರಿ. ಹೆಂಗಸರ ಸಾಲಿನಾಗ, ನೆಲಾ ನೋಡಕೋತ. ಒಂದ ಮಾತು ನನ್ನ ಕಡಿ ಆಡಲಿಲ್ಲ. ಮನಿಗಿ ಬಂದು 'ನಿನಗ್ಯಾಕ ಬೇಕಾಗಿತ್ತು' ಅಂದ್ರಿ.

ಇವತ್ತ ನಿಮಗ್ಯಾಕ ಬೇಕಾಗಿತ್ತು? ಅದನ್ನ ಕೇಳಾಕತ್ತೀನಿ ನಾ.

ಮೂರ್ತಿ ಉಳಸೂ ಸಲುವಾಗಿ ಅಲ್ಲ ಅದು. ನನ್ನ ಮಾತು ಮನಸಿಗಿ ಹತ್ತಿ ಅಲ್ಲ. ಅಷ್ಟ ಭ್ರಮಾ ಇಲ್ಲ ನನಗ.

ಏನು ಕೈ ತಿರುವತೀರಿ? ಧನಾಜಿ? ಧನಾಜಿದು ಏನು? ಉಡಿಸಿದ್ದು ಅಂವ, ಹೌದು. ಉಡಿಸಿದ್ದು ಯಾಕ? ಮುಂಬೈಲಿಂದ ಯಾರೋ ಸಾಹೇಬರು ಹಳ್ಳಕ್ಕ ಒಡ್ಡು ಕಟ್ಟಿದ ಬಂಧಾರಾ ನೋಡಾಕ ಬರಾವ್ರಿದ್ರು. ಹಾದ್ಯಾಗ ಅವ್ವ ಕಾಲ ಅಗಲಿಸಿ ಕುಂತಿದ್ರ ಊರ ಮರ್ಯಾದಿ ಏನ ಉಳೀತು? ಆರ ಮಂದಿ ಗಂಡಸರು ಕೂಡಿ ಒಬ್ಬ ಹೆಣ್ಣಿಗಿ ಸೀರಿ ಉಡಸಾಕ ಮೊಬೈಲಿನಾಗ ವಿಡಿಯೋ ಹಚ್ಚಕೊಂಡು ನಿಂತಿದ್ರು. ನಾ ಕಣ್ಣಾರೆ ನೋಡೀನಿ. ನಿರಗಿ ಹಿಡಿಯಾಕ ಬರಲಿಲ್ಲ, ಬೈಂಡಿಂಗ್ ತಂತಿ ಬಿಗಿದ್ರು. ಸ್ಲ್ಯಾಬಿಗಿ ಕಬ್ಬಿಣದ ಸಳಿ ಕಟ್ಟತಾರಲ್ಲ, ಆ ತಂತಿ. ತಲಿ ಇಲ್ಲದ ದೇವಿ ಭಿನ್ನ ಆಗ್ಯಾಳ, ಅಪಶಕುನ, ಅಂತ ಹಿತ್ತಾಳಿ ಮುಖಾ ಮಾಡಿಸಿ ತಂದು ಕಮಲದ ಮ್ಯಾಲೆ ಕುಂದ್ರಿಸಿದ್ರು. ಅಂಗಡ್ಯಾಗ ಇದ್ದ ತಯಾರ ಮುಖಾ. ಅದು ಯಾವ ಊರ ಯಾವ ದೇವಿಗಿ ಮಾಡಿದ್ದೋ. ಸಾಹೇಬ ಬರಲಿಲ್ಲ. ಸೀರಿ ಉಳೀತು.

ತುಂಬಿದ ಸಭಾದಾಗ ಹೆಣ್ಣಿನ ಸೀರಿ ಸೆಳದಾಂವಗ ಪಾಪ ಹತ್ತಿತು ಅಂತ ಪುರಾಣದಾಗ ಕೇಳೀವಿ. ಕೇಳದ ಕರೀದ ಬಂದು ಉಡಿಸಿ ತಂತಿ ಬಿಗಿದಾಂವಗ ಏನ ಹತ್ತತದ ಅಂತ ಯಾರೂ ಹೇಳಿಲ್ಲ. ಅಂವಗ ಶಾಲು ಹೊಚ್ಚಿ ಸತ್ಕಾರ ಮಾಡಿದ್ರು, ಅದಷ್ಟ ಗೊತ್ತು.

ಅದ ಧನಾಜಿಯ ದುಕಾನದಾಗ ಒಂದು ಪಟ ಅದ, ನೋಡೀರಿ? ಕೃಷ್ಣ ಸೀರಿ ಕದ್ದು ಗಿಡಾ ಏರ್ಯಾನ. ಕೆಳಗ ನೀರಾಗ ಗೋಪಿಯರು. ಮೈಮ್ಯಾಲೆ ಒಂದ ಎಳಿ ದಾರ ಇಲ್ಲ. ದಿನಾ ಅದಕ್ಕ ಅಗರಬತ್ತಿ ಹಚ್ಚಿ ಕೈ ಮುಗದು ಆಮ್ಯಾಲ ಶಟರ್ ಎತ್ತತಾನ. ಅವರಿಗಿ ಯಾಕಪಾ ಸೀರಿ ಉಡಸಿಲ್ಲ ಅಂತ ಕೇಳಿದ್ದೆ ನಾ. 'ಅದು ದೇವರ ಲೀಲಾ ಅಲ್ರಿ ಮ್ಯಾಡಂ' ಅಂದ. ಶಿವ ಬರಿಮೈಲೆ ಭಿಕ್ಷಾಕ ಹೋಗ್ಯಾನ, ಋಷಿಗಳ ಹೆಂಡರು ಸೌಟ ಹಿಡಕೊಂಡ ಬೆನ್ನ ಹತ್ಯಾರ, ಅದು ಗುಡಿಗೋಳ ಗ್ವಾಡಿ ಮ್ಯಾಲೆ ಕೆತ್ತ್ಯಾರ. ಪುರಾಣ ಹೇಳಾಂವ ಹೇಳಿದ, ನೀವು ಕೇಳಿ ಗಲ್ಲಾ ಗಲ್ಲಾ ಬಡಕೊಂಡ್ರಿ. ಕ್ಯಾಲೆಂಡರಿನ್ಯಾಗ ಬರೂದರಾಗ ಅದ ಶಿವಗ ಮೊಣಕಾಲಮಟ ಹುಲಿ ಚರ್ಮ. ಯಾರ ಹೊಲದು ಕೊಟ್ರೋ.

ನೀರಾಗಿನ ಹುಡಿಗ್ಯಾರು ಮಂದಿಗಿ ನಡೀತಾರ. ಗುಡಿಯೊಳಗ ಕಂಬಾ ಹಿಡದು ಬಳಕೂ ಹೆಂಗಸು ನಡೀತಾಳ. ಅವು ನೋಡಾಕ ಮಾಡಿದ ಮೈ. ಬತ್ತಲವ್ವ ಹೆರಾಕ ಕುಂತಾಕಿ. ಅಕಿನ್ನ ನೋಡಿದ್ರ ನಾಚಿಕಿ ಬರ್ತದ! ಪುಸ್ತಕದಾಗ ಅಕಿಗಿ ಲಜ್ಜಾಗೌರಿ ಅಂತಾರ. ಅಕಿ ಏನ ನಾಚಿಕೊಂಡಂಗ ಕುಂತಿಲ್ಲ ನೋಡ್ರಿ. ನಾಚಿಕಿ ಯಾರಿಗಿ ಬಂತೋ ಅವರ ಇಟ್ಟಿರಬೇಕು ಹೆಸರು.

ಬರೋಬರಿ ಅದ ಅಂತೀರಿ? ತಲಿ ಹಾಕಬ್ಯಾಡ್ರಿ, ನಿಮ್ಮ ಕಡಿ ಮಾತಲ್ಲ ಇದು. ಇದ ವಿಷಯದ ಮ್ಯಾಲೆ ಕಾಲೇಜಿನಾಗ ವ್ಯಾಖ್ಯಾನ ಕೊಟ್ಟೆ. ಪುರಾಣದಾಗ, ಧರ್ಮದಾಗ, ಕಾವ್ಯದಾಗ ಬತ್ತಲೆ ಮೈ ಅಂತ. ಪರದೆ ಮ್ಯಾಲೆ ಅವ್ವನ ಫೋಟೋ ಬಿತ್ತು. ಹುಡುಗರು ಕಿಸಕ್ಕಂತ ನಕ್ಕರು. ಪ್ರಿನ್ಸಿಪಾಲರು ಎದ್ದು ಪ್ರೊಜೆಕ್ಟರಿನ ಮುಂದ ಹಾಜರಿ ಪುಸ್ತಕ ಹಿಡದು ನಿಂತ್ರು. ಹಾಜರಿ ಪುಸ್ತಕ! ಉಳಿದ ಅರ್ಧಾ ತಾಸು ಆ ಪುಸ್ತಕದ ನೆರಳಿಗಿ ಇತಿಹಾಸ ಹೇಳೀನಿ ನಾ.

ಇರಲಿ.

ಈಗ ಧನಾಜಿ ಏನಂದಾನ, ಕೇಳಸಕೋರಿ. 'ಸಂಜಿಕ ಮಂಡಳದವರು ಮನಿಗಿ ಬರ್ತೀವಿ. ಯಾರು ಬಿಚ್ಚ್ಯಾರ ಅಷ್ಟ ಹೇಳ್ರಿ. ನೀವಲ್ಲ ಅಂದ್ರ ಚಲೋನ ಆತು. ನೀವಾಗಿದ್ರ ಮಾಮಾಗ ಹೇಳದ ಗತಿ ಇಲ್ಲ ನೋಡ್ರಿ.' ಯಾವ ಮಾಮಾ? ಅಂವನ ಸ್ವಾದರಮಾವ ನಮ್ಮ ಕಾಲೇಜಿನ ಸಂಸ್ಥಾದಾಗ ಸಂಚಾಲಕ. ನಂದು ಪಕ್ಕಾ ನೌಕರಿ ಅಲ್ಲ, ತಾಸಿನ ಮ್ಯಾಲಿನ ಮಾಸ್ತರಕಿ. ಬರೂ ಜೂನಿಗಿ ತಾಸು ಕೊಡೂದೋ ಬಿಡೂದೋ ಅವರ ಕೈಯಾಗ. ಮಾಡದ ಕೆಲಸಕ್ಕ ನೌಕರಿ ಕಳಕೋಬೇಕೇನು ನಾ?

ಅದಕ್ಕ ಕೇಳಾಕತ್ತೀನಿ. ಯಾಕ?

...ಬಾಗಲಾ ಕಡಿ ಯಾಕ ನೋಡ್ತೀರಿ? ಹೊತ್ತು ನೋಡಾಕತ್ತೀರಿ. ಹ್ಞಾಂ! ಹೊತ್ತು ಮುಳುಗೂ ಹಾದಿ ಕಾಯಾಕತ್ತೀರಿ. ಗೊತ್ತಾತು. ಎಲ್ಲಾ ಗೊತ್ತಾತು ನನಗ. ಮೌನ ಹಿಡದೀರಿ. ಬತ್ತಲವ್ವನ ಹಂತ್ಯಾಕ ಹೋಗಿಬಂದಾಕಿ ಹೊತ್ತು ಮುಳುಗೂತನಾ ಬಾಯಿ ತಗೀಬಾರದು.

ಬೇಡಿಕೊಂಡ ಬಂದೀರಿ. ನನ್ನ ಹೆಸರಲೆ. ಮಮ್ಮಗನ್ನ.

ಹೌದಲ್ಲ? ಹೇಳಿದ್ದಿಲ್ಲೇನ್ರಿ ನಾ? ಕೈ ಮುಗದ ಹೇಳಿದ್ದೆ. ನನ್ನ ಹೊಟ್ಟಿ ವಿಷಯ ಆ ಕಲ್ಲಿನ ಮುಂದ ಒಯ್ಯಬ್ಯಾಡ್ರಿ ಅಂತ. ಎರಡ ಸಲ ಹೋತು ನಂದು. ಮೊದಲನೇದು ಹೋದಾಗ 'ಆಗ್ತದ, ಹೋಗ್ತದ' ಅಂದ್ರು ಮಂದಿ. ಎರಡನೇದು ಹೋದಾಗ ಏನಂದ್ರು? ಅವ್ವನ ಫೋಟೋ ಹಿಡದು ನಾಲ್ಕ ಮಂದಿ ಮುಂದ ಪರದೆ ಮ್ಯಾಲೆ ಹಾಕ್ಯಾಳ, ಅದಕ್ಕ ನಿಲ್ಲಲಿಲ್ಲ ಅಂದ್ರು. ನೀವೂ ಅಂದ್ರಿ! ನನ್ನ ಎದುರಿಗಿ ಅಲ್ಲ. ಬೋರಿನ ಹಂತ್ಯಾಕ ಸೂಲಗಿತ್ತಿ ಯಮನವ್ವನ ಮುಂದ ಅಂದ್ರಿ. ನನ್ನ ಕೊಡಾ ತುಂಬಿತ್ತು, ನಾ ಗಿಡದ ಹಿಂದ ನಿಂತಿದ್ದೆ. ಕೇಳೀನಿ.

ಮಾರಿ ತಿರವಬ್ಯಾಡ್ರಿ. ಜಗಳಾ ತಗ್ಯಾಕ ಹೇಳಿಲ್ಲ. ಇಷ್ಟ ದಿನಾ ಅಂದಿಲ್ಲ, ಇವತ್ತ ಬಂತು ಬಾಯಿಗಿ.

ತಲಿ ಇಲ್ಲ, ಮಾರಿ ಇಲ್ಲ, ಹೆಸರು ಊರು ಇಲ್ಲ. ಇರೂದು ಹೊಟ್ಟಿ ಒಂದು, ತೊಡಿ ಎರಡು. ಅದರ ಮುಂದ ನಿಂತು ನನ್ನ ಬಗ್ಗೆ ಬೇಡಿಕೋತೀರಿ. ಸೊಸಿ ಅಂದ್ರ ಅಷ್ಟನ ಅಲ್ಲ ಬೇಕಾಗಿದ್ದು? ಮ್ಯಾಲಿಂದು ಇದ್ರ ಎಷ್ಟು, ಬಿಟ್ರ ಎಷ್ಟು!

ಹೋಗಲಿ. ಸಿಟ್ಟಿನಾಗ ಬಂತು.

ಕೇಳ್ರಿ, ಮತ್ತೊಮ್ಮಿ ಹೇಳ್ತೀನಿ. ಮಿರಜದ ಡಾಕ್ಟರ್ ಬಾಯಿಯವರು ಇನ್ನೊಂದು ವರ್ಷ ತಡೀರಿ ಅಂದಾರ. ನಾನೂ ತಡೀಯೂಣು ಅಂದೀನಿ, ನಿಮ್ಮ ಮಗನೂ ಹ್ಞೂಂ ಅಂದಾರ. ಅದಕ್ಕ ಈಗ ಏನೂ ಇಲ್ಲ. ತಿಳೀತು? ಏನೂ ಇಲ್ಲ. ಬೇಡಿಕೊಂಡ್ರೂ ಇಲ್ಲ, ಬಿಟ್ಟರೂ ಇಲ್ಲ.

ಹಂಗ್ಯಾಕ ನೋಡ್ತೀರಿ?

ಇಲ್ಲ? ಏನ ಇಲ್ಲ? ಬೇಡಿಕೊಂಡಿಲ್ಲ? ಸುಳ್ಳ ಹೇಳಬ್ಯಾಡ್ರಿ ಅತ್ತೀ. ತಲಿ ಅಲ್ಲಾಡಿಸಿ ಹೇಳಿದ್ರೂ ಸುಳ್ಳು ಸುಳ್ಳ. ಬೇಡಿಕೊಳ್ಳದ ಯಾರರೆ ಅಲ್ಲಿಗಿ ಹೋಗತಾರ? ಹೋದ ವರ್ಷ ನಮ್ಮ ಓಣಿ ಕಾಜಲ ಹೋದಾಗ ಏನ ಮಾಡಿದಳು? ಹಳ್ಳದ ದಂಡಿಗಿ ನಿಂತು 'ಏ ಅವ್ವಾ, ನನ್ನ ಉಡಿ ತುಂಬು' ಅಂತ ಒದರಿದ್ದು ಆಚಿ ದಂಡಿಮಟ ಕೇಳಿತ್ತು. ಕುರಿ ಕಾಯಾವ್ರು ಹೆದರಿ ಎದ್ದ ನಿಂತಿದ್ರಂತ. ನಾ ಕೇಳಿದೆ ಅಕಿಗಿ, ಮೆಲ್ಲಕ ಬೇಡಕೊಂಡ್ರ ನಡೆಯೂದಿಲ್ಲೇನ ತಂಗೀ ಅಂತ. 'ಅಕಿಗಿ ಕಿವಿ ಎಲ್ಲದಾವ ಅಕ್ಕಾ' ಅಂದಳು. ಖರೇನ ಅದ, ತಲಿ ಇಲ್ಲಂದ ಮ್ಯಾಲೆ ಕಿವಿ ಎಲ್ಲಿಂದ ಬರ್ತಾವ? ಅದಕ್ಕ ಬೇಡಾಕ ಹೋದಾಕಿ ಒದರಬೇಕು...

ಬೇಡಾಕ ಹೋದಾಕಿ ಒದರಬೇಕು.

ನೀವು ಒದರಿಲ್ಲ.

ಒದರಿದ್ರ ಊರಿಗೇ ಕೇಳತಿತ್ತು. ಧನಾಜಿಗಿ ಕೇಳತಿತ್ತು. ಅಂವ ನನ್ನ ತರುಬತಿದ್ದಿಲ್ಲ.

ಮತ್ತ... ಒದರೂದಲ್ಲ, ಬಾಯಿ ಮುಚ್ಚೂದು ಅದು ಯಾವಾಗ?

ತಡೀರಿ. ನೀವು ಸುಮ್ನಿರ್ರಿ. ಅಂದ್ರ ಸುಮ್ನನ ಅದೀರಿ, ಗೊತ್ತದ. ನೆನಪ ಮಾಡಕೋತೀನಿ. ಯಮನವ್ವ ಹೇಳ್ಯಾಳ ನನಗ. ವ್ಯಾಖ್ಯಾನ ಬರಿಯೂವಾಗ ಅಕಿ ಮನ್ಯಾಗ ಕುಂತು ಕೇಳೀನಿ. 'ಬೇಡಾಕ ಹೋದ್ರ ಒದರಬೇಕು. ಹೊಟ್ಟ್ಯಾಗ ನಿಂತ ಮ್ಯಾಲೆ, ಕಾಯ ಅವ್ವಾ ಅಂತ ಒಪ್ಪಿಸಾಕ ಹೋದ್ರ, ಬಾಯಿ ಮುಚ್ಚಬೇಕು. ಅಕಿಗಿ ಬಾಯಿ ಇಲ್ಲ. ಅಕಿ ಕಡಿ ಇಟ್ಟ ಗುಟ್ಟು ಎಲ್ಲೂ ಹೋಗೂದಿಲ್ಲ. ನಮ್ಮ ಬಾಯಿಲೆನೂ ಹೋಗಬಾರದು.' ಹೀಂಗ ಅಂದಳು. ನಾ ಬರಕೊಂಡು, ಕೆಳಗ ಒಂದು ಗೆರಿ ಎಳದು, 'ಜನಪದ ನಂಬಿಕೆ' ಅಂತ ಬರದೆ.

ನಿಂತ ಮ್ಯಾಲೆ.

...ಅದಕ್ಕ ಮುಖಾ ಕಿತ್ತೀರಿ. ಹ್ಞಾಂ? ಧನಾಜಿ ತಂದ ಮುಖಕ್ಕ ಬಾಯಿ ಅದ. ತುಟಿಗಿ ಕೆಂಪು ಬಣ್ಣ ಹಚ್ಚ್ಯಾರ, ಹಲ್ಲು ಸುದ್ದಾ ಕಾಣಸತಾವ. ಬಾಯಿ ಇದ್ದ ದೇವಿ ಮುಂದ ಗುಟ್ಟ ಹ್ಯಾಂಗ ಹೇಳೂದು? ಹೌದಲ್ಲ? ಮತ್ತ ಸೀರಿ? ಸೀರಿದು ಏನು? ಗಂಟು... ಬಿಗಿದ ತಂತಿ. ಹೆರಾಕಿ ಮೈಮ್ಯಾಲೆ ಗಂಟು ಇರಬಾರದು. ಅದಕ್ಕ ಒಂದೊಂದ ತಂತಿ ಬಿಚ್ಚೀರಿ, ಕೈ ಹರಕೊಂಡು.

ಯಾರ ಸಲುವಾಗಿ?

ಈ ಮನ್ಯಾಗ ಹೆಂಗಸರು ಇಬ್ಬರ. ನಿಮಗಂತೂ ದಿನ ತುಂಬೂ ವಯಸ್ಸಲ್ಲ.

ನಗಬ್ಯಾಡ್ರಿ. ಈಗ ಬ್ಯಾಡ. ಈಗ ನಕ್ಕ್ರ ನನಗ ನಡೆಯೂದಿಲ್ಲ.

ಏನೂ ಇಲ್ಲ ಅಂತ ಹೇಳಿದೆ ನಾ. ಈಗ ಹೇಳಿದ್ನಲ್ಲ? ಡಾಕ್ಟರ್ ಬಾಯಿಯವರು ವರ್ಷ ತಡೀರಿ ಅಂದಾರ, ನಾವು...

ಹಂಗ ನೋಡಬ್ಯಾಡ್ರಿ ಅತ್ತೀ.

ಬೈರಿ ಬೇಕಾದ್ರ. ಹಂಗ ಸುಮ್ನ ನೋಡಬ್ಯಾಡ್ರಿ.

ಯಾರ ಹೇಳಿದ್ರು ನಿಮಗ? ನಿಮ್ಮ ಮಗ ಹೇಳಿದ್ರೇನು? ಅನಿಲ ಹ್ಯಾಂಗ ಹೇಳತಾರ, ಅವರಿಗೇ ಇನ್ನಾ ಗೊತ್ತಿ...

...

ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಬಸುರು ತಪಾಸಣಿ ಪಟ್ಟಿ ಸುದ್ದಾ ಜತ್ತದಾಗ ತಗೊಂಡಿಲ್ಲ ನಾ, ಎಲ್ಲಾರೂ ಗುರತಿನವರ ಅಂತ. ಮಿರಜ ಸ್ಟೇಶನ್ ಮುಂದ ತಗೊಂಡೆ. ಕಾಲೇಜಿನಾಗ ನೋಡಕೊಂಡು, ಅಲ್ಲೇ ಒಗದು ಬಂದೆ. ಮನ್ಯಾಗ ಒಂದ ಕಾಗದ ಚೂರು ಬಿದ್ದಿಲ್ಲ. ಹ್ಯಾಂಗ ತಿಳೀತು ನಿಮಗ? ವಾಂತಿ ಇಲ್ಲ, ಚಕ್ಕರ ಇಲ್ಲ, ಮಾವಿನಕಾಯಿ ಬೇಡಿಲ್ಲ ನಾ.

ಏನದು? ಏನ ಮಾಡಾಕತ್ತೀರಿ? ಎರಡೂ ಮುಷ್ಟಿ ಮುಂದ... ಏನ ತಿರವತೀರಿ... ಬೀಸೂಕಲ್ಲು? ಅಲ್ಲ. ಗಾಡಿ? ಮೋಟರ್ ಸೈಕಲ್! ಹಿಂದ ತೋರಸ್ತೀರಿ... ಹಿಂದಿನ ಸೀಟು. ಸೀಟು ಖಾಲಿ.

ಓ.

ಅನಿಲನ ಗಾಡಿ ಮ್ಯಾಲೆ ಹತ್ತೂದು ಬಿಟ್ಟೀನಿ ನಾ. ಬಸ್ಸಿಗಿ ಹೋಗಾಕತ್ತೀನಿ. ಬಸ್ಸಿನಾಗೂ ಕುಲುಕದ ಮುಂದಿನ ಸೀಟು ಸಿಗದಿದ್ರ ಬಿಟ್ಟು ಮುಂದಿನ ಬಸ್ಸಿಗಿ ಕಾಯತೀನಿ. 'ಗಾಡಿ ಹೊಗಿ ಆಗಿಬರೂದಿಲ್ಲ' ಅಂತ ಅವರಿಗಿ ಹೇಳಿದ್ದೆ. ಅವರು ನಂಬಿ, ಗಾಡಿ ಸರ್ವೀಸಿಂಗಿಗಿ ಕೊಟ್ಟು ಬಂದ್ರು. ನೀವು ನಂಬಿಲ್ಲ.

ಕಟ್ಟಿ ಮ್ಯಾಲೆ ಜ್ವಾಳಾ ಹಸನ ಮಾಡಕೋತ ಎಲ್ಲಾ ನೋಡಾಕತ್ತೀರಿ ನೀವು. ಇಷ್ಟ ದಿನಾ. ಒಂದ ಮಾತು ಕೇಳಿಲ್ಲ. ನಿಮ್ಮಂಥಾಕಿ! ಪಕ್ಕದ ಮನಿ ಬೆಕ್ಕು ಈದರ ಊರಿಗೆಲ್ಲಾ ಸುದ್ದಿ ಮುಟ್ಟಸೂ ಬಾಯಿ... ಅದನ್ನ ಮುಚ್ಚಕೊಂಡ ಕುಂತೀರಿ.

ಅಳೂದಿಲ್ಲ ನಾ. ಒಲಿ ಹೊಗಿ ಅದು.

ಒಲಿ ಹಚ್ಚಿಲ್ಲ? ಇರಲಿ. ಹೊಗಿನ.

ಹೇಳಬೇಕಂತ ಇರಲಿಲ್ಲಂತ ಅಲ್ಲರಿ. ಮೊದಲನೇ ಸಲ ಎಲ್ಲಾರಿಗೂ ಹೇಳಿದ್ವಿ. ಪೇಢಾ ಹಂಚಿದ್ರಿ ನೀವು, ನಮ್ಮ ತವರಮನಿಗಿ ಫೋನ್ ಮಾಡಿದ್ರಿ. ಹೋತು. ಎರಡನೇ ಸಲ ಬರೇ ಅನಿಲಗ ಹೇಳಿದೆ, ಅವರು ನಿಮಗ ಹೇಳಿದ್ರು. ಹೋತು. ಈ ಸಲ ಯಾರಿಗೂ ಬ್ಯಾಡ ಅಂದಕೊಂಡೆ. ಬಾಯಿಂದ ಹೊರಗ ಬಿದ್ರ ಹೋಗ್ತದ ಅಂತ...

ಏನ ಅಂದೆ ನಾ ಈಗ?

ಇಲ್ಲ, ಹಂಗಲ್ಲ. ನಂಬಿಕಿ ಅಲ್ಲ ಅದು. ಮೊದಲಿನ ಮೂರು ತಿಂಗಳಾ ಯಾರಿಗೂ ಹೇಳದಿರೂದು ಚಲೋ ಅಂತ ಡಾಕ್ಟರೂ ಅಂತಾರ. ಎಲ್ಲಾರೂ ಅಂತಾರ. ವೈದ್ಯಕೀಯ... ಅದಕ್ಕ ಕಾರಣ...

ಕಾರಣ ಗೊತ್ತಿಲ್ಲ ನನಗ. ಹೆದರಿಕಿ. ಅಷ್ಟ.

ಯಾಕ ಕೈ ಹಿಡದೀರಿ? ಬಿಡ್ರಿ, ಅರಿಶಿಣ ಹತ್ತತದ. ...ಹಿಡೀರಿ ಹೋಗಲಿ.

ಗಾಡಿ ಸಪ್ಪಳ ಅಲ್ಲದು? ಒಂದಲ್ಲ, ಎರಡೋ ಮೂರೋ ಗಾಡಿ. ಬಂದ್ರು ನೋಡ್ರಿ. ಸಂಜಿಕ ಅಂದಾಂವ ಹೊತ್ತು ಮುಳುಗೂದರಾಗ ಬಂದಾನ. ಬಿಸಲು ಇನ್ನಾ ಎದುರಿನ ಮನಿ ಮಾಳಗಿ ಮ್ಯಾಲೇ ಅದ.

ಎಲ್ಲಿಗಿ ಏಳತೀರಿ? ಕುಂದ್ರಿ! ನೀವು ಹೋಗಿ ಏನ ಮಾಡತೀರಿ? 'ನಾನು' ಅಂತ ಎದಿ ಮುಟ್ಟಿ ತೋರಿಸತೀರಿ. ಯಾಕ ಆಯಿ ಅಂತ ಅಂವ ಕೇಳತಾನ. ನೀವು ಮಾತಾಡಂಗಿಲ್ಲ. ಧನಾಜಿಗಿ ಏನೂ ತಿಳಿಯೂದಿಲ್ಲ, ಅಂವ ಗಂಡಸ. ಆದರ ಬೀದ್ಯಾಗಿನ ಹೆಂಗಸರು ಅಷ್ಟೊತ್ತಿಗಿ ಬಾಗಲಕ್ಕ ಬಂದು ನಿಂತಿರತಾರ. ಬತ್ತಲವ್ವನ ಹಂತ್ಯಾಕ ಹೋಗಿ ಗೌರವ್ವ ಬಾಯಿ ಮುಚ್ಚಕೊಂಡಾಳ ಅಂದ್ರ ಅರ್ಥ ಏನು ಅಂತ ಅವರಿಗಿ ಹೇಳಿಕೊಡಬೇಕೇನು? ದೀಪಾ ಹಚ್ಚೂದರಾಗ ಊರೆಲ್ಲಾ ನನ್ನ ಹೊಟ್ಟಿ ಸುದ್ದಿ.

ನೀವು ಒಳಗ ಕುಂದ್ರಿ. ನಾ ಹೋಗ್ತೀನಿ.

ತಾಸು? ಹೋದ್ರ ಹೋಗಲಿ. ಅಳತೀರಿ ಯಾಕ, ನೌಕರಿ ನಂದು! ಮತ್ತೆಲ್ಲೆರ ಸಿಗತಾವ ತಾಸು. ಸಿಗದಿದ್ರ ನಿಮ್ಮ ಮಗನ ದುಕಾನದಾಗ ಮೊಳಿ ತೂಗತೀನಿ.

ಏನ ಹೇಳತೀ ಅಂತ ಕೇಳಾಕತ್ತೀರಿ? ನಾ ಹೇಳಬೇಕಾದ್ದು ಗ್ರಾಮಸಭಾದಾಗ ಆವಾಗನ ಹೇಳೀನಿ. ಇವತ್ತ ಅದ ಮಾತಿಗಿ ಕೆಲಸಾ ಮಾಡೀನಿ ಅಂತೀನಿ. ಊರ ಮಂದಿಗಿ ಅದು ಸಹಜ ನಂಬೂ ಮಾತು. ಕಾಲೇಜಿನ ಮ್ಯಾಡಂ, ದೇವರಿಲ್ಲದಾಕಿ, ನಾಚಿಕಿ ಇಲ್ಲದಾಕಿ. ಒಬ್ಬರೂ ಸಂಶಯ ಪಡೂದಿಲ್ಲ.

ಮತ್ತ ಒಂದ ಮಾತು. ನಾ ಇದನ್ನೆಲ್ಲಾ ನಂಬೂದಿಲ್ಲ. ಖರೇ ಹೇಳ್ತೀನಿ, ಒಂದ ಎಳ್ಳ ಕಾಳಿನಷ್ಟೂ ನಂಬೂದಿಲ್ಲ. ಆದರೂ... ಆ ಬಿಸಲು ಮಾಳಗಿಯಿಂದ ಇಳಿಯೂತನಾ ಬಾಯಿ ತಗೀಬ್ಯಾಡ್ರಿ ಅತ್ತೀ. ಕೆಮ್ಮು ಬಂದ್ರೂ ತಡಕೋರಿ.

ಬಂದೆ! ಬಂದೆ ಧನಾಜಿರಾವ್, ಅಲ್ಲೇ ನಿಂದರ್ರಿ, ಒಳಗ ಬರಬ್ಯಾಡ್ರಿ. ಅತ್ತಿಗಿ ಹಲ್ಲು ನೋಯಾಕತ್ತಾವ.

ಹೌದ್ರಿ. ನಾನ. ನಾನ ಬಿಚ್ಚೀನಿ, ಘಡಿ ಮಾಡಿ ಇಟ್ಟಾಕಿನೂ ನಾನ.

ಯಾಕ?

ಯಾಕ ಅಂತ ಹೇಳೂದಿಲ್ಲ.